ಅಜ್ಜನ ಇಂಜಿನ್ನಿಗೆ ವಿಭೂತಿ

ಚನ್ನಗಿರಿಯ ಗುಜರಿ ಅಂಗಡಿಯಿಂದ ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುವ ವಾಸನೆ ಬಂದರೆ ನಾನು ಈಗಲೂ ಬೇಗ ಬೇಗ ದಾಟಿಬಿಡುತ್ತೇನೆ.

ನನ್ನ ಬಾಲ್ಯದಲ್ಲಿ ಒಂದು ಮಧ್ಯಾಹ್ನ ಅಜ್ಜ ನನ್ನನ್ನು ತಾವು ದುಡಿದಿದ್ದ ಕಬ್ಬಿಣದ ಕಾರ್ಖಾನೆಗೆ ಕರೆದೊಯ್ದಿದ್ದರು. ಅದಿರು ಎಳೆಯುತ್ತಿದ್ದ ಪುಟ್ಟ ಉಗಿ ಇಂಜಿನ್ನನ್ನು ಅವರು ನಿವೃತ್ತಿಯವರೆಗೂ ಓಡಿಸಿದ್ದರು. ಅದನ್ನೇ ಅಂದು ಗುಜರಿಗೆ ಕತ್ತರಿಸುವವರಿದ್ದರು. ಅಜ್ಜ ಬಾಯ್ಲರಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಇಂಗ್ಲೆಂಡಿನಲ್ಲಿ ಅದನ್ನು ಮಾಡಿದವರ ಹೆಸರಿದ್ದ ಹಿತ್ತಾಳೆ ಫಲಕವನ್ನು ಪಂಚೆಯ ಅಂಚಿನಿಂದ ಒರೆಸಿದರು.

“ಸುಡಬ್ಯಾಡ್ರಪ್ಪಾ. ನಮ್ಮಲ್ಲಿ ಸತ್ತೋರನ್ನ ಸುಡಲ್ಲ, ಮಣ್ಣಾಗೆ ಇಡ್ತೀವಿ.”

“ಇದು ಕಬ್ಬಿಣ ಅಜ್ಜಾ, ನಿಮ್ಮ ಬೀಗರಲ್ಲ!” ಗ್ಯಾಸಿನವನು ನಕ್ಕ.

“ಬೀಗರಾಗಿದ್ರೆ ಮಣ್ಣು ಹಾಕಾಕೆ ನಾಕು ಜನ ಬರ್ತಿದ್ರಪ್ಪಾ.”

ನೀಲಿ ಬೆಂಕಿ ಹೊತ್ತಿತು. ಅಜ್ಜ ಅಂಗೈಯಿಂದ ನನ್ನ ಕಣ್ಣು ಮುಚ್ಚಿದರು. ಆ ಸುಯ್ಯೆಂಬ ಸದ್ದಿನಲ್ಲೂ ಅವರು ಮೂಗೆಳೆದುಕೊಂಡದ್ದು ನನಗೆ ಕೇಳಿಸಿತು.