ಎಣ್ಣೆಗೊಂದು ದಾರಿ

“ನಿಲ್ಸು! ನಿಲ್ಸು ಮಗಳೇ!”

ಮಾವ ಕೂಗಿದ ರಭಸಕ್ಕೆ ಸೊಸೆ ಕೀಲಿ ತಿರುಗಿಸಿ ಟ್ರ್ಯಾಕ್ಟರನ್ನು ಆರಿಸಿಯೇಬಿಟ್ಟಳು. ಕಟ್ಟಿಗೆ ಡಿಪೋದ ಅಂಗಳ ಒಮ್ಮೆಲೇ ಸ್ತಬ್ಧವಾಯಿತು. ಹಲಗೆಗಳ ಅಟ್ಟಿಯ ಮೇಲೆ ಬ್ಯಾಂಡೇಜು ಸುತ್ತಿದ ಕಾಲು ಚಾಚಿ ಕುಳಿತಿದ್ದ ಗಂಡ, “ಏನಾಯ್ತಪ್ಪ? ಚೆನ್ನಾಗೇ ಓಡ್ತಿತ್ತಲ್ಲ!” ಎಂದ.

“ಎಲ್ಲಿ ಓಡ್ತಿತ್ತು? ಉಸಿರು ಕಟ್ಟಿ ಒದ್ದಾಡ್ತಿತ್ತು. ಪಂಪು ಕಿರುಚಿದ್ದು ಕೇಳಿಸ್ಲಿಲ್ವಾ? ಎಣ್ಣೆಗೆ ಎಲ್ಲೋ ದಾರಿ ಕಟ್ಟಿದೆ. ಇನ್ನರ್ಧ ನಿಮಿಷ ಬಿಟ್ಟಿದ್ರೆ ಪಂಪು ಗೋವಿಂದ.”

ಇಷ್ಟಕ್ಕೆಲ್ಲ ಮೂಲ ಆ ಬ್ಯಾಂಡೇಜೇ. ಅವರ ಪುಟ್ಟ ಟ್ರ್ಯಾಕ್ಟರಿನ ಮುಂದಿದ್ದ ಲೋಡರಿಗೆ ಬಕೆಟ್ಟು ಎತ್ತುವುದು, ಬಗ್ಗಿಸುವುದು ಎರಡೇ ಗೊತ್ತು. ದಿಮ್ಮಿ ಸಾಗಿಸಬೇಕೆಂದರೆ ಗಂಡ ಬಗ್ಗಿ ಸರಪಳಿ ಬಿಗಿಯಬೇಕು, ಅವಳು ಎತ್ತಬೇಕು. ಹೋದ ವಾರ ಸರಪಳಿ ಜಾರಿ ದಿಮ್ಮಿ ಅವನ ಕಾಲಿನ ಹೆಬ್ಬೆರಳನ್ನು ಜಜ್ಜಿತ್ತು. ಒಂದಡಿ ಅತ್ತ ಬಿದ್ದಿದ್ದರೆ ಜೀವಕ್ಕೇ ಕುತ್ತಿತ್ತು. ಮರುದಿನವೇ ಹೋಗಿ, ದಿಮ್ಮಿಯನ್ನು ತಬ್ಬಿ ಹಿಡಿಯುವ ಕಬ್ಬಿಣದ ಪಂಜವೊಂದನ್ನು ತಂದಳು. ಆ ಪಂಜ ಮುಚ್ಚಿ ತೆರೆಯಲು, ಪಂಪು ಒತ್ತುವ ಎಣ್ಣೆಯನ್ನು ಅದರತ್ತ ತಿರುಗಿಸುವ ಇನ್ನೊಂದು ಹೈಡ್ರಾಲಿಕ್ ವಾಲ್ವು ಬೇಕೆಂದರು ಅಂಗಡಿಯವರು, ಅದನ್ನೂ ತಂದಳು. ಕೂರಿಸಿಕೊಡಬೇಕಾದ ಮೆಕ್ಯಾನಿಕ್ಕು ಮಾತ್ರ, “ಮುಂದಿನ ತಿಂಗಳು ನೋಡೋಣ” ಎಂದುಬಿಟ್ಟ. ಆಗ ಅವಳು ಸೀದಾ ಮಾವನ ಮುಂದೆ ಹೋಗಿ ನಿಂತಿದ್ದಳು.

ಮೂವತ್ತು ವರ್ಷ ಬುಲ್ಡೋಜರು, ಕ್ರೇನುಗಳ ಹೊಟ್ಟೆ ಬಗೆದ ಕೈ ಮಾವನದು. ಎರಡು ವರ್ಷದಿಂದ ಆ ಕೈ ನಡುಗುತ್ತಿತ್ತು. ಅತ್ತೆ ಕಾಫಿಯನ್ನೂ ಅರ್ಧ ಲೋಟವೇ ಕೊಡುತ್ತಿದ್ದರು. ಸ್ಪ್ಯಾನರು ಮುಟ್ಟಲು ಯಾರೂ ಬಿಡುತ್ತಿರಲಿಲ್ಲ, ಎಲ್ಲರದೂ ಅಕ್ಕರೆಯೇ. ಈ ದಿನ ಬೆಳಗಿನಿಂದ ಮಾವ ಸ್ಟೂಲಿನ ಮೇಲೆ ಕುಳಿತು ಬೆರಳು ತೋರಿಸಿದ್ದರು, ಸೊಸೆ ಬಿಚ್ಚಿದ್ದಳು, ಬಿಗಿದಿದ್ದಳು. ಪಂಪಿನಿಂದ ಎಣ್ಣೆ ತರುವ ಪೈಪು, ಟ್ಯಾಂಕಿಗೆ ಮರಳಿಸುವ ಪೈಪು, ನೇಗಿಲು ಎತ್ತುವ ಹಿಂದಿನ ಲಿಫ್ಟಿಗೆ ಒಯ್ಯುವ ಪೈಪು, ಮೂರೂ ಹೊಸ ವಾಲ್ವಿಗೆ ಬಂದು ಸೇರಿದ್ದವು.

ಅವಳು ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡಿದಳು. “ಎಲ್ಲಾ ಸರಿಯಾಗೇ ಇದೆ ಮಾವ.”

“ಧೂಳು ಹೋಗ್ಬಾರ್ದು ಅಂತ ಪೈಪಿನ ಬಾಯಿಗೆ ಚಿಂದಿ ತುರುಕಿದ್ವಲ್ಲ, ಎಷ್ಟು?”

“ಎರಡು. ಇಲ್ಲೇ ಬಿದ್ದಿವೆ ನೋಡಿ.”

ಮಾವನ ಮುಖ ಸಪ್ಪಗಾಯಿತು. “ಮೂರು. ನೀನು ಎಣ್ಣೆ ಕ್ಯಾನು ತರೋಕೆ ಹೋದಾಗ ಲಿಫ್ಟಿನ ಪೈಪಿಗೆ ನಾನೇ ಒಂದು ಆಳಕ್ಕೆ ತುರುಕಿದೆ. ಹೇಳೋದೇ ಮರೆತೆ.”

ಆ ಪೈಪು ಬಿಚ್ಚಿ ಚೂಪು ಮೂತಿಯ ಇಕ್ಕಳ ಹಾಕಿದರೆ, ಎಣ್ಣೆ ಕುಡಿದ ಬಟ್ಟೆಯ ತುಂಡು ಬಿಲದ ಇಲಿಯ ಹಾಗೆ ನುಣುಚಿಕೊಂಡು ಹೊರಬಂತು. “ಅಯ್ಯೋ, ನನ್ನ ಬನೀನು!” ಎಂದು ಗಂಡ ನಕ್ಕ. ಮಾವ ನಗಲಿಲ್ಲ. ಸ್ಟೂಲಿನಿಂದ ಎದ್ದು, “ನೀವೇ ನೋಡ್ಕೊಳ್ಳಿ. ಇಷ್ಟು ದಿನ ಕೈ ಒಂದೇ ಹೋಯ್ತು ಅಂದ್ಕೊಂಡಿದ್ದೆ, ಈಗ ತಲೇನೂ ಹೋಯ್ತು” ಎಂದು ಮನೆಯತ್ತ ತಿರುಗಿದರು.

ಅವಳು ಅಡ್ಡ ನಿಂತಳು. “ಕೂತ್ಕೊಳ್ಳಿ ಮಾವ. ತುರುಕಿದ್ದು ನಿಮ್ಮ ಕೈ, ಒಪ್ಪಿದೆ. ಕೇಳಿಸ್ಕೊಂಡಿದ್ದು ಯಾರ ಕಿವಿ? ನಾನು ಸೀಟಿನ ಮೇಲೇ ಇದ್ದೆ, ಆಹಾ ಏನು ಜೋರಾಗಿದೆ ಅಂತ ಖುಷಿಪಡ್ತಿದ್ದೆ! ನೀವಿಲ್ದೆ ಹೋಗಿದ್ರೆ ಪಂಪು ಒಡೆದು, ಇವರು ಮತ್ತೆ ದಿಮ್ಮಿ ಪಕ್ಕ ಬಗ್ಗಿ ನಿಲ್ಬೇಕಾಗಿತ್ತು.”

ಮಾವ ಸ್ಟೂಲನ್ನು ಟ್ರ್ಯಾಕ್ಟರಿನ ಹತ್ತಿರಕ್ಕೆಳೆದು ಮತ್ತೆ ಕುಳಿತರು. ಅವಳು ಪೈಪು ಬಿಗಿದು ಟ್ರ್ಯಾಕ್ಟರು ಚಾಲೂ ಮಾಡಿದಳು. ಮಾವ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಆಲಿಸಿದರು. “ಹಾಂ, ಈಗ ನೋಡು, ಹೊಟ್ಟೆ ತುಂಬಿದ ಹಸು ಮೆಲುಕು ಹಾಕಿದ ಹಾಗಿದೆ. ಪಂಜ ನಾಲ್ಕು ಸಲ ಸುಮ್ನೆ ಮುಚ್ಚಿ ತೆಗಿ, ಗಾಳಿ ಹೋಗ್ಲಿ.”

ಹೊಸ ಹಿಡಿಕೆ ಎಳೆದಳು. ಪಂಜ ಮೊದಲು ಮುಗ್ಗರಿಸಿತು, ಆಮೇಲೆ ನಯವಾಗಿ ಮುಚ್ಚಿತು, ತೆರೆಯಿತು. ಅಂಗಳದಲ್ಲಿದ್ದ ಅತಿ ದೊಡ್ಡ ದಿಮ್ಮಿಯ ಬಳಿಗೆ ಹೋಗಿ ಅದನ್ನು ಹಿಡಿಸಿ ಮೇಲೆತ್ತಿದಳು. ದಿಮ್ಮಿ ಅಲುಗದೆ ಏರಿತು. ಅದರಡಿ, ಆಚೆ, ಈಚೆ ಬರೀ ಮರದ ಹೊಟ್ಟು; ಒಂದು ನರಪಿಳ್ಳೆಯೂ ಇಲ್ಲ. ಖಾಲಿ ನೆಲವನ್ನು ಅವಳು ಕಣ್ತುಂಬ ನೋಡಿದಳು. ದಿಮ್ಮಿ ಇಳಿಸಿ, ಟ್ರ್ಯಾಕ್ಟರು ಆರಿಸಿ ಬಂದು, ಮಾವನ ನಡುಗುವ ಎಡಗೈಯನ್ನು ಗ್ರೀಸಾಗಿದ್ದ ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

“ದೊಡ್ಡ ಉಪಕಾರ ಆಯ್ತು ಮಾವ.”

“ಉಪಕಾರ ನಿಂದು ಕಣಮ್ಮ” ಎಂದರು ಮಾವ. “ಎರಡು ವರ್ಷದಿಂದ ಎಲ್ಲರೂ ನನ್ನ ಕೇಳೋದು ಒಂದೇ, ಮಾತ್ರೆ ತಗೊಂಡ್ರಾ ಅಂತ. ನೀನೊಬ್ಬಳು ಬಂದು, ಇದನ್ನ ಹೇಗೆ ಕೂರಿಸೋದು ಅಂತ ಕೇಳಿದೆ.”

ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಮಾವ ನಲ್ಲಿಯ ಕೆಳಗೆ ಸೋಪು ಹಾಕಿ ಬಲಗೈಯನ್ನಷ್ಟೇ ತೊಳೆದುಕೊಂಡು ಬಂದು ಕುಳಿತರು. “ಆ ಕೈಯೇನು ಪಾಪ ಮಾಡಿತ್ತು?” ಎಂದು ಅತ್ತೆ ರೇಗಿದರು. “ಇರ್ಲಿ ಬಿಡೆ” ಎಂದ ಮಾವ, ಊಟ ಮುಗಿಯುವವರೆಗೂ ಗ್ರೀಸು ಮೆತ್ತಿದ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದರು.