ಕಾಲುಂಗುರದ ಬೆರಳು

ರುದ್ರಮ್ಮನ ಎಡಗಾಲಿನ ಸಕ್ಕರೆ ಕಾಯಿಲೆಯ ಹುಣ್ಣು ಎರಡನೇ ಬೆರಳಿನ ಮೂಳೆಗೇ ಇಳಿದಿತ್ತು. ಬೆರಳು ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಬೆಚ್ಚಿಬಿದ್ದವರು ಗಂಡ ಸಿದ್ಧಲಿಂಗಪ್ಪನವರು.

"ಅದು ಕಾಲುಂಗುರದ ಬೆರಳು ಡಾಕ್ಟ್ರೇ. ನಾನಿನ್ನೂ ಗುಂಡುಕಲ್ಲಿನ ಹಾಗಿರೋವಾಗ ಅದನ್ನ ಕತ್ತರಿಸಿದ್ರೆ ಜನ ಏನಂತಾರೆ? ಔಷಧೀಲೇ ವಾಸಿ ಮಾಡಿ."

"ಕಿಡ್ನಿ ಚೆನ್ನಾಗಿದ್ದಿದ್ರೆ ಔಷಧಿ ಕೊಟ್ಟು ನೋಡ್ತಿದ್ದೆ. ಕ್ರಿಯಾಟಿನಿನ್ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಇಂಥವರ ಗಾಯ ಬೇಗ ಮಾಯಲ್ಲ. ತಡ ಮಾಡಿದ್ರೆ ಪಾದವೇ ಹೋಗಬಹುದು."

"ಪಾದದ ವಿಷಯ ಆಮೇಲೆ ನೋಡೋಣ. ಹೆಂಗಸಿಗೆ ಮುತ್ತೈದೆತನ ಮುಖ್ಯ. ಬೇಕಿದ್ರೆ ಅವಳನ್ನೇ ಕೇಳಿ."

ಹೆಂಡತಿ ಏನು ಹೇಳುತ್ತಾಳೆಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಮದುವೆಯಾದಾಗಿನಿಂದ ಆಕೆ ಎದುರಾಡಿದ್ದನ್ನು ಅವರು ಕಂಡಿರಲಿಲ್ಲ. ರುದ್ರಮ್ಮ ಮಂಚದ ಮೇಲೆ ಬಗ್ಗಿ, ಬಲಗಾಲಿನ ಉಂಗುರವನ್ನು ತಿರುಗಿಸಿ ತಿರುಗಿಸಿ ಬಿಚ್ಚಿದರು. ಅದನ್ನು ಗಂಡನ ಅಂಗೈಯಲ್ಲಿಟ್ಟು ಡಾಕ್ಟರ ಕಡೆ ನೋಡಿದರು.

"ಬೆರಳು ತೆಗೀರಿ ಡಾಕ್ಟ್ರೇ. ಮುತ್ತೈದೆಯಾಗಿ ಇವ್ರೇ ಇರ್ತಾರೆ."