ಚುಕ್ಕೆ ಬಿದ್ದ ಎಲೆ

ಹೊಗೆಸೊಪ್ಪಿನ ರಾಶಿಗೆ ಇನ್ನು ಗೇಣು ದೂರವಿರುವಾಗ ಸೋಮಮ್ಮನ ಕೈ ಹಾಗೇ ನಿಂತುಬಿಟ್ಟಿತು. ಕಂದು ಚುಕ್ಕೆ ಬಿದ್ದ ಎಲೆಯೆಂದು ಎತ್ತಲು ಹೊರಟಿದ್ದಳು. ಆ ಎಲೆ ಉಸಿರಾಡುತ್ತಿತ್ತು. ಕೊಳಕುಮಂಡಲ!

ನಾಳೆ ಸೊಪ್ಪು ಹುಣಸೂರಿನ ಹರಾಜಿಗೆ ಹೋಗಬೇಕೆಂದು ಅತ್ತೆ ಸೊಸೆ ಬೆಳಗಿನಿಂದ ಎದುರುಬದುರು ಕೂತು ಚುಕ್ಕೆಯ ಎಲೆಗಳನ್ನು ಮಾತ್ರ ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದರು. ಚುಕ್ಕೆ ಕಂಡರೆ ಸಾಕು, ಕೈ ತಾನಾಗಿ ಹೋಗುತ್ತಿತ್ತು. ಈಗ ಸೊಸೆ ಪವಿತ್ರಾಳ ಕಣ್ಣಿಗೂ ಅದೇ ಚುಕ್ಕೆಗಳು ಬಿದ್ದವು. ಅವಳ ಕೈ ಚುರುಕೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಸೋಮಮ್ಮನಿಗೆ ಆ ಚುರುಕೇ ಯಮನಂತೆ ಕಂಡಿತು.

‘ಹಾವು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೂಗಿದರೆ ಹುಡುಗಿ ಬೆಚ್ಚಿ ಬೀಳುವುದೇ ರಾಶಿಯ ಮೇಲೆ. ಸೋಮಮ್ಮ ಆ ಮಾತನ್ನು ನುಂಗಿಕೊಂಡು, ಬೆಳಗಿನಿಂದ ಗದರುತ್ತಿದ್ದ ದನಿಯಲ್ಲೇ ಅಂದಳು: “ಚುಕ್ಕೇದು ಸಾಕು ಬುಡು. ನಿನ್ ಮಂಡಿ ತಾವ ಅಳದಿ ಸೊಪ್ಪು ಅದಲ್ಲ, ಅದ್ನ ತಗಿ. ಬರೀ ಅಳದೀದು ಕಣಮ್ಮಿ.”

ಪವಿತ್ರಾ ತಲೆ ಎತ್ತಲಿಲ್ಲ. ಚುಕ್ಕೆಗಳ ಹತ್ತಿರಕ್ಕೇ ಬಂದಿದ್ದ ಅವಳ ಕೈ ಗಾಳಿಯಲ್ಲೇ ಹೊರಳಿ, ಮಂಡಿಯ ಬಳಿಯಿದ್ದ ಹಳದಿ ಎಲೆಯನ್ನು ಎತ್ತಿಕೊಂಡಿತು.

“ಈಗ ಮೆಲ್ಲಗೆ ಎದ್ದು ಹಿಂದಕ್ಕೋಗು.”

“ಯಾಕತ್ತೆ?” ಪವಿತ್ರಾ ಎದ್ದು ಹಿಂದೆ ಸರಿದು, ಹಳದಿ ಹುಡುಕುವ ಕಣ್ಣನ್ನೇ ರಾಶಿಯ ಉದ್ದಗಲಕ್ಕೂ ಆಡಿಸಿದಳು. “ಏನದೆ ಅಲ್ಲಿ? ಬರೀ ಅಳದೀನೆ ಕಾಣ್ತದೆ.”

ಸೋಮಮ್ಮನ ಕೈ ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ ಚುಕ್ಕೆಗಳು ನಿಧಾನವಾಗಿ ಹರಿಯತೊಡಗಿದವು.